ಮೂರನೆಯವರ ನಕ್ಷತ್ರ

ಹೋದ ವಾರ ಚಾಪೆ ಮಾರುವವನೊಬ್ಬ ತಣಿಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಮೊಪೆಡ್ ನಿಲ್ಲಿಸಿಕೊಂಡಿದ್ದ. ಬಣ್ಣಬಣ್ಣದ ಪ್ಲಾಸ್ಟಿಕ್ ಚಾಪೆಗಳ ಸುರುಳಿಗಳ ನಡುವೆ ಒಂದೇ ಒಂದು ಜೊಂಡಿನ ಚಾಪೆ, ಬೆಳಗಿನ ತುಂತುರಿಗೆ ನೆನೆದಿತ್ತು. ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಪಕ್ಕದಲ್ಲಿ ಹಾದುಹೋದೆ, ಅಷ್ಟೆ. ಆ ಹಸಿ ವಾಸನೆ ಮೂಗಿಗೆ ಬಡಿಯಿತು. ವಾಸನೆಯಿಂದ ನೆನಪು ಬರುತ್ತದೆ ಎಂದು ಬರೆಯುವವರನ್ನು ನಾನು ಹೆಚ್ಚು ನಂಬುವುದಿಲ್ಲ. ಹೇಳಿಸಿಕೊಳ್ಳಬೇಕೆಂದು ನೆನಪು ಮೊದಲೇ ಬಾಗಿಲಲ್ಲಿ ಕಾದು ನಿಂತಿರುತ್ತದೆ, ವಾಸನೆ ಬರೀ ನೆಪ. ಇಷ್ಟೆಲ್ಲ ತಿಳಿದವನು ಸುಮ್ಮನೆ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಚಾಪೆ ಕೊಂಡುಕೊಂಡೆ.

"ಇದ್ರ ಮೇಲೆ ಯಾರು ಕೂರೋದು?" ಎಂದಳು ಹೆಂಡತಿ.

"ನಾನೇ."

"ಕೂರೋದು ಸರಿ. ಏಳ್ಸೋಕೆ ಯಾರನ್ನ ಕರೀಲಿ?"

ನ್ಯಾಯವಾದ ಪ್ರಶ್ನೆ. ಆದರೆ ನಾನು ಚಾಪೆ ಯಾಕೆ ತಂದೆ ಎನ್ನುವುದಕ್ಕೆ ಉತ್ತರ ಬೇಕಾದರೆ ನಿಮ್ಮನ್ನು ಎಪ್ಪತ್ತರ ದಶಕದ ಕೊನೆಯ ಮತ್ತೀಕೆರೆಗೆ ಕರೆದುಕೊಂಡು ಹೋಗಬೇಕು. ನನಗಾಗ ಯಶವಂತಪುರದ ಆಚೆ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ಹಗಲು ನಟ್ಟು ಬೋಲ್ಟುಗಳ ಲೆಕ್ಕ, ಸಂಜೆ ಪೂರ್ಣವಿರಾಮವಿಲ್ಲದ ಕವಿತೆಗಳು. ಪೂರ್ಣವಿರಾಮ ತೆಗೆದರೆ ಲೋಕವೇ ಬದಲಾಗುತ್ತದೆ ಎಂಬ ನಂಬಿಕೆ ಆಗ ನನಗಿತ್ತು. ಲೋಕದ ಮಾತಿರಲಿ, ನನ್ನ ಬಾಡಿಗೆ ಕೋಣೆಯ ಒಡತಿ ರುಕ್ಕಮ್ಮ ಟೀಚರ್ ಕೂಡ ಬದಲಾಗಲಿಲ್ಲ. ಒಂದು ಕವಿತೆಯನ್ನು ಕನ್ನಡಕ ಹಾಕಿಕೊಂಡು ಓದಿ, "ಹೊಲಿಗೆ ಹಾಕಿದೀಯ, ಗಂಟು ಹಾಕಿಲ್ಲ. ಒಂದ್ಸಲ ಒಗೆದ್ರೆ ಎಲ್ಲಾ ಬಿಚ್ಕೊಳ್ತದೆ" ಎಂದಿದ್ದರು.

ಅವರು ಯಶವಂತಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್. ಅವರ ಕತ್ತರಿಗಿಂತ ನಾಲಿಗೆಯೇ ಚೂಪು ಎಂದು ಶಾಲೆಯಲ್ಲೂ ಬೀದಿಯಲ್ಲೂ ಖ್ಯಾತಿ. ಗಂಡ ಇವರನ್ನು ಬಿಟ್ಟು ಯಲಹಂಕದಲ್ಲಿ ಬೇರೆ ಸಂಸಾರ ಹೂಡಿ ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಗಂಡನ ಹೆಸರನ್ನು ಹೇಳಬಾರದೆಂಬ ಹಳೆಯ ಪದ್ಧತಿಯೋ, ಹೇಳಬೇಕಾಗಿಲ್ಲವೆಂಬ ಹೊಸ ಹಟವೋ, ಅವರು ಆತನನ್ನು 'ಯಲಹಂಕದವರು' ಎನ್ನುತ್ತಿದ್ದರು.

ನನ್ನ ಕೋಣೆಗೂ ಅವರ ನಡುಮನೆಗೂ ಮಧ್ಯೆ ತೆಳುವಾದ ಒಂದು ಬಾಗಿಲು. ಬಾಡಿಗೆಗೆ ಬಂದ ಹೊಸದರಲ್ಲಿ ಬೆಳಗಿನ ಜಾವ, ಹಾಲಿನವನು ಬರುವ ಮೊದಲು, ಆ ಬಾಗಿಲಿನ ಆಚೆಯಿಂದ ಮಾತು ಕೇಳಿಸುತ್ತಿತ್ತು. "ಒಳ್ಳೇದಾಗ್ಲಿ. ನೆಮ್ಮದಿಯಾಗಿರ್ಲಿ. ಒಳ್ಳೇದಾಗ್ಲಿ." ಸ್ವಲ್ಪ ಮೌನ. ಆಮೇಲೆ ಇದ್ದಕ್ಕಿದ್ದಂತೆ, "ಥೂ, ಹಾಳಾದೋನೆ!" ಮತ್ತೆ ಮೌನ. ಮತ್ತೆ, ಸೋತ ದನಿಯಲ್ಲಿ, "ಒಳ್ಳೇದಾಗ್ಲಿ." ಯಾರೋ ಅತಿಥಿ ಬಂದಿರಬೇಕು, ಬಹಳ ಸಹನೆಯ ಅತಿಥಿ, ಎಂದುಕೊಂಡೆ. ಕೆಲವು ದಿನ ಕೇಳಿದ ಮೇಲೆ ತಡೆಯಲಾಗಲಿಲ್ಲ.

"ಏನ್ ಟೀಚರ್, ಬೆಳಗ್ ಬೆಳಗ್ಗೆ ಯಾರಿಗೆ ಬೈತಿರ್ತೀರಿ?"

"ಬೈತಿಲ್ಲ ಕಣಪ್ಪ, ಒಳ್ಳೇದಾಗ್ಲಿ ಅಂತಿರ್ತೀನಿ. ಮಧ್ಯ ಮಧ್ಯ ಬೈಗುಳ ಬಂದ್ಬಿಡ್ತದೆ."

ವಿಷಯ ಹೀಗೆ. ಶಾಲೆಯ ಯಾರೋ ಗೆಳತಿ ಒಂದು ಹುಣ್ಣಿಮೆಯ ದಿನ ಅವರನ್ನು ಊರೊಳಗಿನ ಒಂದು ಬೌದ್ಧ ವಿಹಾರಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿನ ವಯಸ್ಸಾದ ಭಿಕ್ಷುವೊಬ್ಬರು ಮನಸ್ಸನ್ನು ಪಳಗಿಸುವ ಅಭ್ಯಾಸ ಹೇಳಿಕೊಟ್ಟಿದ್ದರು. ಚಾಪೆಯ ಮೇಲೆ ಕೂತು ನಾಲ್ಕು ಜನರನ್ನು ಒಬ್ಬೊಬ್ಬರಾಗಿ ಮನಸ್ಸಿಗೆ ಕರೆಯಬೇಕು.

"ಮೊದ್ಲು ನಾನು" ಎಂದು ಟೀಚರ್ ಬೆರಳು ಮಡಿಸಿದರು. "ಆಮೇಲೆ ನಂಗೆ ಬೇಕಾದೋರು. ಮೂರನೇದು, ಬೇಕೂ ಅಲ್ಲ ಬೇಡವೂ ಅಲ್ಲ, ಅಂಥೋರು. ಕಡೇಗೆ, ಕಂಡ್ರೆ ಆಗ್ದೇ ಇರೋರು. ನಾಲ್ಕೂ ಜನಕ್ಕೆ ಒಂದೇ ಮನಸ್ಸಿಂದ ಒಳ್ಳೇದಾಗ್ಲಿ ಅನ್ಬೇಕು. ದಿನಾ."

"ನಾಲ್ಕನೇ ಜಾಗದಲ್ಲಿ ಯಾರು?"

ಗೊತ್ತಿದ್ದೂ ಕೇಳಿದೆ. ಅವರು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ.

"ಯಲಹಂಕದವರು. ಇನ್ಯಾರು? ಯಲಹಂಕ ಅಂತ ಬೋರ್ಡಿರೋ ಬಸ್ಸು ಕಂಡ್ರೆ ಸಾಕು, ಇಲ್ಲಿ ಹಿಡ್ಕೊಳ್ತದೆ" ಎಂದು ಗಂಟಲು ಮುಟ್ಟಿಕೊಂಡರು. "ಬಿಟ್ಟು ಹೋದೋರು ಅಲ್ಲಿ ಹಾಯಾಗಿದಾರೆ. ನಾನು ಅವ್ರನ್ನ ಇಲ್ಲಿ ದಿನಾ ಹೊತ್ಕೊಂಡು ತಿರುಗ್ತಿದೀನಿ. ಹೀಗೇ ಹೊತ್ಕೊಂಡು ಸಾಯೋಕೆ ನಾನು ತಯಾರಿಲ್ಲ ಕಣೋ."

ಶೂನ್ಯದ ಬಗ್ಗೆ, ಬುದ್ಧನ ಬಗ್ಗೆ ನನ್ನಲ್ಲಿ ಆಗ ಧಾರಾಳವಾಗಿ ಅಭಿಪ್ರಾಯಗಳಿದ್ದವು. ಹೋಟೆಲಿನಲ್ಲಿ ಅರ್ಧ ಕಾಫಿಯ ಮುಂದೆ ಗೆಳೆಯರ ಜೊತೆ ಸಂಪಾದಿಸಿದವು. ಅವನ್ನು ಆ ಬೆಳಗ್ಗೆ ಟೀಚರ್ ಮುಂದೆ ಬಿಚ್ಚತೊಡಗಿದೆ. "ಶೂನ್ಯ ಆಮೇಲೆ ನೋಡೋಣ, ಹಾಲು ಬಂತೇನೋ ನೋಡು" ಎಂದರು.

ಆದರೆ ಅವರ ಅಭ್ಯಾಸದಲ್ಲಿ ಭಿಕ್ಷು ಹೇಳಿಕೊಡದ ಒಂದು ಭಾಗ ಸೇರಿಕೊಂಡಿತ್ತು. ದೇವಸ್ಥಾನದಲ್ಲಿ ಅರ್ಚನೆಗೆ ನಿಂತಾಗ ಪೂಜಾರಿ ಕೇಳುತ್ತಾರಲ್ಲ, ಹೆಸರು, ಗೋತ್ರ, ನಕ್ಷತ್ರ? ಒಳ್ಳೆಯದಾಗಲಿ ಎನ್ನುವುದಕ್ಕೂ ಅದೆಲ್ಲ ಬೇಕೇ ಬೇಕು ಎಂದು ಟೀಚರ್ ನಿರ್ಧರಿಸಿದ್ದರು. "ಗೋತ್ರ ಬೇಕಾದ್ರೆ ಬಿಡೋಣ, ಎಲ್ರಿಗೂ ಇರಲ್ಲ. ಇಷ್ಟ್ ದೊಡ್ಡ ಊರಲ್ಲಿ ಹೆಸರು ನಕ್ಷತ್ರಾನೂ ಹೇಳ್ದಿದ್ರೆ, ಅದು ಯಾರ ಮನೆ ಬಾಗಿಲಿಗೆ ಹೋಗ್ಬೇಕು?"

ಈ ನಿಯಮ ಮೊದಲ ಜಾಗದಲ್ಲೇ ಅವರಿಗೆ ತೊಡಕಾಯಿತು. ಅವರು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಕೇಡು ಎಂಬ ಹೆದರಿಕೆ ಜನಕ್ಕೆ. ಹಾಗಾಗಿ ಅವರ ತಂದೆ ಮದುವೆಯ ಮಾತುಕತೆಯಲ್ಲಿ ರೋಹಿಣಿ ಎಂದು ಹೇಳಿಬಿಟ್ಟಿದ್ದರು. ಗಂಡನ ಮನೆಯವರ ಪಾಲಿಗೆ ಇವರು ಕಡೆಯವರೆಗೂ ರೋಹಿಣಿ. "ಈಗ ನನ್ನ ಹೆಸರಲ್ಲಿ ಒಳ್ಳೇದಾಗ್ಲಿ ಅಂದ್ರೆ ಅದು ಮೂಲಾಗೆ ಹೋಗ್ಬೇಕೋ ರೋಹಿಣಿಗೋ?" ಬಹಳ ದಿನ ಚಾಪೆಯ ಮೇಲೆ ಈ ಪ್ರಶ್ನೆಯೇ ಕೂತಿತ್ತು. ಕಡೆಗೆ ಮೂಲಾ ಎಂದೇ ತೀರ್ಮಾನಿಸಿದರು. ಅಷ್ಟು ವರ್ಷಗಳಲ್ಲಿ ತನ್ನ ಹೆಸರಲ್ಲಿ ಒಮ್ಮೆಯೂ ಅರ್ಚನೆ ಮಾಡಿಸಿರಲಿಲ್ಲ ಎಂಬುದು ಆಗ ಅವರಿಗೆ ಹೊಳೆಯಿತಂತೆ. ಮಾಡಿಸಿದ್ದೆಲ್ಲ ಗಂಡನ ನಕ್ಷತ್ರಕ್ಕೆ, ಅನುರಾಧಾಕ್ಕೆ.

ಎರಡನೆಯ ಜಾಗದಲ್ಲಿ ತುಮಕೂರಿನ ಕಡೆಯಿದ್ದ ತಂಗಿ. ತೊಂದರೆಯಿಲ್ಲ. ನಿಜವಾದ ಪೇಚು ಮೂರನೆಯದು. ಬೇಕೂ ಅಲ್ಲದ ಬೇಡವೂ ಅಲ್ಲದ ಮನುಷ್ಯ ಇಡೀ ಮತ್ತೀಕೆರೆಯಲ್ಲಿ ಒಬ್ಬನೂ ಸಿಗಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಬೇಡ. ಎದುರುಮನೆಯವರ ಬಚ್ಚಲ ನೀರು ಇವರ ಬಾಗಿಲಿಗೆ ಹರಿಯುತ್ತದೆ, ಬೇಡವೇ ಬೇಡ. ಹೂವಿನವಳು ಒಂದು ಮೊಳಕ್ಕೆ ಬೆರಳಷ್ಟು ಹೆಚ್ಚು ಕೊಡುತ್ತಾಳೆ, ಬೇಕು. ನನ್ನ ಹೆಸರನ್ನೂ ಪರಿಶೀಲಿಸಿದರು. "ನೀನೂ ಆಗಲ್ಲ. ತಿಂಗಳ ಮೊದಲ್ನೇ ವಾರ ಬೇಕಾಗಿರ್ತೀಯ, ಕಡೇ ವಾರ ಬೇಡವಾಗಿರ್ತೀಯ."

ಒಂದು ಭಾನುವಾರ ನಾವಿಬ್ಬರೂ ಮೆಜೆಸ್ಟಿಕ್‌ಗೆ ಹೋಗುತ್ತಿದ್ದ ಬಸ್ಸಿನಲ್ಲಿ ಅವರಿಗೆ ಮೂರನೆಯವರು ಸಿಕ್ಕಿದರು. ಕಂಡಕ್ಟರ್. ವರ್ಷಗಟ್ಟಲೆ ಟಿಕೆಟ್ ಕೊಟ್ಟಿದ್ದ ಮನುಷ್ಯ, ಆದರೆ ಕಣ್ಣು ಮುಚ್ಚಿಕೊಂಡರೆ ಮುಖ ಮೂಡುವುದಿಲ್ಲ. ಪರಮ ಯೋಗ್ಯ. ಚಿಲ್ಲರೆ ಇಸಿದುಕೊಳ್ಳುತ್ತಾ ಟೀಚರ್ ಕೇಳಿಯೇಬಿಟ್ಟರು.

"ನಿಮ್ಮ ಹೆಸರೇನ್ರೀ? ನಕ್ಷತ್ರ ಯಾವುದು?"

ಕಂಡಕ್ಟರ್ ಸೀಟಿ ಬಾಯಿಂದ ತೆಗೆದ. "ನಂಗೆ ಮದ್ವೆ ಆಗಿದೆ ಕಣಮ್ಮ. ಎರಡು ಮಕ್ಳು."

"ನಿಮ್ಮ ಮದ್ವೆ ಕಟ್ಕೊಂಡು ನಂಗೇನಾಗ್ಬೇಕ್ರೀ? ನಕ್ಷತ್ರ ಹೇಳಿ ಅಂದ್ರೆ."

ಹಿಂದಿನ ಸೀಟಿನವರೊಬ್ಬರು, "ಹೇಳಪ್ಪ ಗುರು, ತಮ್ಮ ಗಿಮ್ಮ ಇದ್ರೆ ಅವ್ನಿಗಾದ್ರೂ ಹೆಣ್ಣು ಕುದುರ್ತದೆ" ಎಂದರು. ಬಸ್ಸು ನಕ್ಕಿತು. ನಾನು ಈ ಹೆಂಗಸು ಯಾರೋ ಗೊತ್ತೇ ಇಲ್ಲ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದೆ. ಕಡೆಗೆ ಕಂಡಕ್ಟರ್ ಹೆಸರು ಹೇಳಿ, "ಆರಿದ್ರಾ" ಎಂದು ಗೊಣಗಿ ಮುಂದೆ ಹೋದ. ಕೆಲವು ವಾರ ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ಆತನಿಗೆ ಹೊಟ್ಟೆಹುಣ್ಣೆಂದು ತಿಳಿಯಿತು. ಟೀಚರ್ ಮೆಂತ್ಯ ಹಾಕಿದ ಮಜ್ಜಿಗೆಯನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಬಸ್ಸು ಹತ್ತತೊಡಗಿದರು. "ಈಗ ಅವರು ಎರಡನೇ ಜಾಗಕ್ಕೆ ಹೊರಟೋದ್ರು" ಎಂದು ಮುಖ ಸಣ್ಣದು ಮಾಡಿಕೊಂಡರು. "ಮತ್ತೆ ಹುಡುಕ್ಬೇಕು."

ಹೀಗೇ ಆಗುತ್ತಿತ್ತು ಪ್ರತಿ ಸಲ. ಯಶವಂತಪುರ ಸರ್ಕಲ್ಲಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಅನ್ವರ್ ಸಾಬರನ್ನು ಕೇಳಿದಾಗ ಅವರು ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಬಹಳ ಗಂಭೀರವಾಗಿ ಯೋಚಿಸಿದರು. "ನಮ್ಮಲ್ಲಿ ನಕ್ಷತ್ರ ನೋಡಲ್ಲಮ್ಮ. ನಮ್ಮ ಅಮ್ಮೀ ಹೇಳೋರು, ನೀನು ಹುಟ್ಟಿದ ದಿನ ಜೋರು ಮಳೆ, ಸೂಲಗಿತ್ತೀನ ಎತ್ಕೊಂಡು ಬಂದ್ರು ಅಂತ. ಅಷ್ಟು ಸಾಕಾಗ್ತದಾ?"

"ಸಾಕು. ಮಳೆಗೂ ನಕ್ಷತ್ರದ ಹೆಸರೇ ತಾನೇ ಇಡೋದು" ಎಂದರು ಟೀಚರ್. ಮರುದಿನ ಬೆಳಗ್ಗೆ ಬಾಗಿಲಿನ ಆಚೆಯಿಂದ ಕೇಳಿಸಿತು: "ಅನ್ವರ್ ಸಾಬರು, ಜೋರು ಮಳೆ, ಒಳ್ಳೇದಾಗ್ಲಿ." ಅವರೂ ಬಹಳ ದಿನ ಮೂರನೆಯವರಾಗಿ ಉಳಿಯಲಿಲ್ಲ ಎಂದು ಬೇರೆ ಹೇಳಬೇಕೆ?

ಕುತೂಹಲ ತಾಳದೆ ಒಮ್ಮೆ ಅವರ ಜೊತೆ ವಿಹಾರಕ್ಕೆ ಹೋದೆ. ಭಿಕ್ಷು ಚಿಕ್ಕದೇಹದ ಮುದುಕರು. ಟೀಚರ್ ನಕ್ಷತ್ರದ ವಿಷಯ, ಮೂರನೆಯವರು ನಿಲ್ಲದೇ ಇರುವ ವಿಷಯ, ನಾಲ್ಕನೆಯವರ ಹತ್ತಿರ ಹೋದಾಗಲೆಲ್ಲ ಬೈಗುಳ ಬರುವ ವಿಷಯ, ಎಲ್ಲ ದೂರನ್ನೂ ಒಪ್ಪಿಸಿದರು. ಈ ಅಪಚಾರಕ್ಕೆ ಅವರು ಏನೆನ್ನುತ್ತಾರೋ ಎಂದು ನಾನು ಮುಂದಕ್ಕೆ ಬಾಗಿ ಕೂತೆ.

"ಇವತ್ತು ಕೂತ್ರಾ?" ಎಂದರು.

"ಕೂತೆ, ಭಂತೇ."

"ನಾಳೆ?"

"ಕೂರ್ತೀನಿ."

"ಹಾಗಾದ್ರೆ ಸರಿ" ಎಂದು ನಮಗೆ ಬಾಳೆಹಣ್ಣು ಕೊಟ್ಟರು.

ನನಗೆ ನಿರಾಸೆಯಾಯಿತು. ಇಷ್ಟೇ ಆದರೆ ಇಷ್ಟು ದೂರ ಬರಬೇಕಿತ್ತೆ ಎನಿಸಿತು. ಈಗ ಈ ಪ್ರಬಂಧ ಬರೆಯಲು ಕೂತಾಗ ಆ ಮುದುಕರ ಪ್ರಶ್ನೆ ಬೇರೊಂದು ರೀತಿಯಲ್ಲಿ ಕಾಡುತ್ತಿದೆ. ನೋಡಿ, ನಾನು ನಿಮಗೆ ಬಸ್ಸಿನ ಕಥೆ ಹೇಳಿದೆ, ಗಡಿಯಾರದ ಅಂಗಡಿಯ ಕಥೆ ಹೇಳಿದೆ. ಅವು ಒಂದೊಂದೇ ಸಲ ನಡೆದದ್ದು, ಅದಕ್ಕೇ ನೆನಪಿನಲ್ಲಿ ಉಳಿದಿವೆ. ಆದರೆ ಅವರು ಮಾಡಿದ್ದು ಅದಲ್ಲ. ಅವರು ಮಾಡಿದ್ದು ದಿನಾ ಕೂತದ್ದು. ಜ್ವರ ಬಂದಾಗ ಗೋಡೆಗೆ ಒರಗಿ ಕೂತರು, ಶಾಲೆಯ ಇನ್ಸ್‌ಪೆಕ್ಷನ್ನಿನ ದಿನ ಅವಸರದಲ್ಲಿ ಕೂತರು, ಯಾರ ಜೊತೆಗೋ ನಲ್ಲಿಯ ಹತ್ತಿರ ಜಗಳವಾಡಿ ಬಂದ ಮಾರನೆಯ ಬೆಳಗ್ಗೆಯೂ ಕೂತರು, ಎಷ್ಟೋ ಸಲ ಕೂತಲ್ಲೇ ತೂಕಡಿಸಿದರು. ಯಶವಂತಪುರದ ರೈಲ್ವೆ ಯಾರ್ಡಿನಲ್ಲಿ ಶಂಟಿಂಗ್ ಆಗುವ ಗೂಡ್ಸ್ ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಸದ್ದು, ಅದರ ಕೆಳಗೆ ಅವರ ಪಿಸುದನಿ. ಆ ಬೆಳಗುಗಳಲ್ಲಿ ಒಂದನ್ನಾದರೂ ಇನ್ನೊಂದರಿಂದ ಬೇರೆ ಮಾಡಿ ನಿಮಗೆ ತೋರಿಸಲು ನನಗಾಗುವುದಿಲ್ಲ. ದಿನವೂ ನಡೆದದ್ದನ್ನು ನೆನಪು ಇಟ್ಟುಕೊಳ್ಳುವುದೇ ಇಲ್ಲ. ಹಾಗಾದರೆ ನಾನು ನೆನಪಿಸಿಕೊಳ್ಳುತ್ತಿರುವುದು ಯಾರನ್ನು? ಅವರ ಚಾಪೆಯ ಮಧ್ಯೆ ಜೊಂಡು ಸವೆದು ದಾರ ಕಾಣಿಸುತ್ತಿತ್ತು. ಅದೊಂದು ಮಾತ್ರ ಖಚಿತ.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಒಂದು ಸಂಜೆ ಬಾಗಿಲಲ್ಲಿ ನನಗೆ ಗೊತ್ತಿಲ್ಲದ ಹೆಂಗಸೊಬ್ಬಳು ನಿಂತಿದ್ದಳು. ಕೈಯಲ್ಲಿ ಒಂದು ಚೀಲ ದ್ರಾಕ್ಷಿ. ಟೀಚರ್ ಅವಳನ್ನು ನೋಡಿದ ರೀತಿಯಲ್ಲೇ ಯಾರೆಂದು ತಿಳಿಯಿತು.

"ಅಕ್ಕಾ" ಎಂದಳು ಆಕೆ. "ಅವ್ರಿಗೆ ಲಕ್ವ ಹೊಡೆದದೆ. ಒಂದು ಕಡೆ ಬಿದ್ದೋಗಿದೆ. ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತಾರೆ."

ಆ ನಾಲಿಗೆ ಈಗ ಏನು ಮಾಡುತ್ತದೆ? ಟೀಚರ್ ದ್ರಾಕ್ಷಿಯ ಚೀಲ ಇಸಿದುಕೊಂಡು, "ಎರಡು ಬಸ್ ಬದಲಾಯ್ಸಿ ಬಂದಿರ್ತೀಯ. ಕೂತ್ಕೋ, ಕಾಫಿ ಕುಡಿ" ಎಂದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ.

ಮಾರನೆಯ ಬೆಳಗ್ಗೆ ಬಾಗಿಲಿನ ಆಚೆ ಪಿಸುದನಿಯೂ ಇಲ್ಲ, ಬೈಗುಳವೂ ಇಲ್ಲ. ಹಾಲು ಬಂದು ಹೋದ ಮೇಲೆ ಬಾಗಿಲು ತಟ್ಟಿ, "ಯಲಹಂಕಕ್ಕೆ ಹೋಗ್ಬೇಕು. ಫ್ಯಾಕ್ಟ್ರಿಗೆ ರಜಾ ಹಾಕು" ಎಂದರು.

ಹೆಬ್ಬಾಳದಲ್ಲಿ ಬಸ್ಸು ಬದಲಿಸಲು ಕಾಯುತ್ತಿದ್ದೆವು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಯಲಹಂಕದ ಬೋರ್ಡಿನ ಬಸ್ಸು ಬಂದಿತು. ಟೀಚರ್ ಬೋರ್ಡನ್ನು ದಿಟ್ಟಿಸಿ ನೋಡಿ, ಗಂಟಲು ಮುಟ್ಟಿಕೊಂಡರು.

"ಏನೂ ಹಿಡ್ಕೊಳ್ಲಿಲ್ಲ ಕಣೋ" ಎಂದರು, ಗಾಬರಿಯಿಂದ.

ಸೀಟಿನಲ್ಲಿ ಕೂತ ಮೇಲೆ ಹೇಳಿದರು: "ಬೆಳಗ್ಗೆ ನಾಲ್ಕನೇ ಜಾಗಕ್ಕೆ ಅವ್ರನ್ನ ಕರೆದೆ. ಬಂದ್ರು. ಸುಮ್ನೆ ಬಂದು ನಿಂತ್ರು, ಯಾರೋ ಅಡ್ರೆಸ್ ಕೇಳೋಕೆ ಬಂದೋರ ಥರ. ಕೋಪ ಬರ್ಲಿ ಅಂತ ಕಾದೆ. ಬರ್ಲಿಲ್ಲ. ಪ್ರೀತಿ ಗೀತಿ ಏನೂ ಬರ್ಲಿಲ್ಲ. ಇದೇನೋ ಇದು? ನಾನೇನಾದ್ರೂ ಕಲ್ಲಾಗ್ಬಿಟ್ನಾ?"

"ಮೂರನೇ ಜಾಗಕ್ಕೆ ಬಂದಿದಾರೆ ಬಿಡಿ, ಟೀಚರ್" ಎಂದೆ, ತಮಾಷೆಗೆ.

ಅವರು ನಗಲಿಲ್ಲ. ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಆಮೇಲೆ ಯಲಹಂಕ ಬರುವವರೆಗೂ ಕಿಟಕಿಯಾಚೆ ದ್ರಾಕ್ಷಿ ಚಪ್ಪರಗಳನ್ನು ನೋಡುತ್ತಾ ಕೂತರು.

ಇನ್ನು ಮುಂದಿನದನ್ನು ನಾನು ಇಷ್ಟು ವರ್ಷಗಳಲ್ಲಿ ಹಲವರಿಗೆ ಹಲವು ರೀತಿ ಹೇಳಿದ್ದೇನೆ. ಹೇಳಿದಾಗಲೆಲ್ಲ ಚೂರುಪಾರು ನಯವಾಗಿದೆ. ಆದ್ದರಿಂದ ಇಲ್ಲಿ ಗೊತ್ತಿರುವುದನ್ನಷ್ಟೇ ಹೇಳುತ್ತೇನೆ. ಸಣ್ಣ ಹೆಂಚಿನ ಮನೆ. ಟೀಚರ್ ಒಳಗೆ ಹೋದರು. ನಾನು ಅಂಗಳದಲ್ಲಿ, ಕೋಣೆಯ ಕಿಟಕಿಯ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆ. ಆ ಹೆಂಗಸು ಬಾವಿಯ ಕಟ್ಟೆಯ ಹತ್ತಿರ ಸೆರಗು ಹಿಂಡುತ್ತಾ ನಿಂತಳು, ಒಳಗೆ ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಒಳಗಿಂದ ಟೀಚರ್ ದನಿ, ಬಸ್ಸಿನ ಕಂಡಕ್ಟರನ್ನು ಕೇಳಿದ್ದೇ ದನಿ:

"ನಿಮ್ಮ ನಕ್ಷತ್ರ ಯಾವುದು?"

ವರ್ಷಗಟ್ಟಲೆ ಆ ನಕ್ಷತ್ರಕ್ಕೆ ಅರ್ಚನೆ ಮಾಡಿಸಿದ್ದ ಹೆಂಗಸು.

ಎಳೆದೆಳೆದು ಬಂದಿತು ಗಂಡಸಿನ ದನಿ. "ನಿಂಗ್... ಗೊತ್ತಲ್ಲ."

"ನಂಗೆ ಗೊತ್ತಿದ್ದೋರದ್ದು ಗೊತ್ತು. ನಿಮ್ದು ಹೇಳಿ."

ಒಂದೊಂದೇ ಅಕ್ಷರ, "ಅನು... ರಾಧಾ."

ಅಷ್ಟರಲ್ಲಿ ಯಲಹಂಕದ ಮೇಲೆ ಯಾವಾಗಲೂ ಸುತ್ತುತ್ತಿದ್ದ ವಾಯುಪಡೆಯ ಸಣ್ಣ ತರಬೇತಿ ವಿಮಾನಗಳಲ್ಲಿ ಒಂದು ತಲೆಯ ಮೇಲೇ ಹಾದುಹೋಯಿತು. ಹೆಂಚುಗಳು ಗಡಗಡಿಸಿದವು. ಸದ್ದು ದೂರವಾದಾಗ ಒಳಗಿಂದ ಇನ್ನೊಂದು ಸದ್ದು ಕೇಳಿಸುತ್ತಿತ್ತು. ನಗುವೋ ಕೆಮ್ಮೋ ಈಗಲೂ ಹೇಳಲಾರೆ. ಬಾವಿಯ ಹತ್ತಿರದ ಹೆಂಗಸು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ವಿಮಾನದ ಸದ್ದಿನ ಒಳಗೆ ಏನಾಯಿತು? ನನ್ನಲ್ಲಿ ಒಂದು ಸಂಭಾಷಣೆ ಇದೆ. ಆತ ತಿರುಗಿ, "ನಿಂದು?" ಎಂದು ಕೇಳಿದ. ಟೀಚರ್ "ಮೂಲಾ" ಎಂದರು. "ರೋಹಿಣಿ ಅಲ್ವಾ?" "ಅಲ್ಲ. ಮೂಲಾ. ನಮ್ಮಪ್ಪ ಸುಳ್ಳು ಹೇಳಿದ್ರು." ಆಗ ಆತ ಅರ್ಧ ಮುಖದಿಂದ ನಕ್ಕ. ಇದನ್ನು ವಾಪಸು ಬರುವಾಗ ಬಸ್ಸಿನಲ್ಲಿ ಟೀಚರ್ ಹೇಳಿದರು ಎಂದು ಬಹಳ ಕಾಲ ನಂಬಿದ್ದೆ. ಆದರೆ ಆ ಬಸ್ಸಿನಲ್ಲಿ ನಮಗೆ ಸೀಟು ಸಿಕ್ಕಿರಲಿಲ್ಲ. ಅವರು ಮುಂದೆ ಹೆಂಗಸರ ಮಧ್ಯೆ, ನಾನು ಹಿಂದೆ ಫುಟ್‌ಬೋರ್ಡಿನ ಹತ್ತಿರ. ಹಾಗಾದರೆ ಯಾವಾಗ ಹೇಳಿದರು? ಹೇಳಿದರೆ? ಅಷ್ಟು ವರ್ಷಗಳಲ್ಲಿ ಟೀಚರ್ ಎಷ್ಟೋ ಜನರ ನಕ್ಷತ್ರ ಕೇಳಿದ್ದರು, ಒಬ್ಬರೂ ತಿರುಗಿ ಕೇಳಿದ್ದನ್ನು ನಾನು ಕಂಡಿಲ್ಲ. ಬಿಟ್ಟುಹೋದ ಮನುಷ್ಯ ಕೇಳಿದನೇ? ಪೂರ್ಣವಿರಾಮ ತೆಗೆಯುವ ಚಟದವನು ಎಲ್ಲೋ ಒಂದು ಕಡೆ ತಾನೇ ಪೂರ್ಣವಿರಾಮ ಇಟ್ಟುಬಿಟ್ಟಿದ್ದಾನೆ ಎಂಬ ಅನುಮಾನ ನನ್ನ ಮೇಲೆ ನನಗೆ. ಟೀಚರನ್ನೇ ಕೇಳಬಹುದಿತ್ತು. ನಾನು ಮದುವೆಯಾಗಿ ಬೇರೆ ಕಡೆ ಹೋದೆ, ಕೇಳುವುದು ಮುಂದಕ್ಕೆ ಹೋಗುತ್ತಾ ಹೋಗಿ, ಒಂದು ದಿನ ಕೇಳಲು ಅವರಿರಲಿಲ್ಲ.

ಇಷ್ಟು ಮಾತ್ರ ನಿಶ್ಚಯವಾಗಿ ಬಲ್ಲೆ. ಯಲಹಂಕಕ್ಕೆ ಹೋಗಿಬಂದ ಮರುದಿನ ಬೆಳಗ್ಗೆ ಬಾಗಿಲಿನ ಆಚೆಯಿಂದ ಮೂರನೆಯ ಜಾಗದಲ್ಲಿ ಒಂದು ಹೆಸರು ಕೇಳಿಸಿತು. ನಾನು ಅಲ್ಲಿಯವರೆಗೆ ಕೇಳಿರದ ಹೆಸರು; ನಾಲ್ಕನೆಯ ಜಾಗದಲ್ಲಿ ಬರೀ 'ಯಲಹಂಕದವರು' ಎಂದೇ ಕೇಳಿಸುತ್ತಿತ್ತು. "ಶ್ರೀಕಂಠಯ್ಯನವರು, ಅನುರಾಧಾ, ಒಳ್ಳೇದಾಗ್ಲಿ." ಗಂಡನ ಹೆಸರನ್ನು ಟೀಚರ್ ಬಾಯಿಬಿಟ್ಟು ಹೇಳಿದ್ದು ಬಹುಶಃ ಅದೇ ಮೊದಲು. ಆತ ತೀರಿಕೊಂಡ ಮೇಲೂ ಕೆಲಕಾಲ ಆ ಹೆಸರು ಬರುತ್ತಿತ್ತು. ನಾಲ್ಕನೆಯ ಜಾಗ ಖಾಲಿಯಾಗಿದೆ ಎಂದು ಅವರು ಭಿಕ್ಷುವಿನ ಮುಂದೆ ಹೆಮ್ಮೆಯಿಂದ ಹೇಳಿಕೊಂಡರಂತೆ. "ಖಾಲಿ ಇದ್ರೆ ಯಾರಾದ್ರೂ ಬಂದೇ ಬರ್ತಾರೆ. ನಾಳೆ ಕೂತ್ಕೊಳ್ಳಿ" ಎಂದರಂತೆ ಅವರು. ಬಂದದ್ದು ನಿಜ. ಹೊಸ ಹೆಡ್‌ಮಿಸ್ಟ್ರೆಸ್.

ಈ ವಾರ ನಾನೂ ಆ ಹೊಸ ಚಾಪೆಯ ಮೇಲೆ ಕೂತೆ. ಹೆಂಡತಿ ಎಣಿಸಿದಂತೆಯೇ ಏಳುವುದೇ ಕಷ್ಟವಾಯಿತು. ಆದರೆ ನನ್ನ ಬೆರಗು ಬೇರೆಯದು. ಮತ್ತೀಕೆರೆಯಲ್ಲಿ ಟೀಚರ್‌ಗೆ ಮೂರನೆಯವರು ಒಬ್ಬರೂ ಸಿಕ್ಕಿರಲಿಲ್ಲ. ನನಗೆ ಕಣ್ಣು ಮುಚ್ಚುತ್ತಲೇ ಸಾಲುಸಾಲಾಗಿ ಬಂದರು. ಲಿಫ್ಟಿನಲ್ಲಿ ದಿನಾ ಜೊತೆಗೆ ಇಳಿಯುವವರು, ಗೇಟಿನಲ್ಲಿ ಸಲಾಮು ಹೊಡೆಯುವವನು, ಎದುರು ಫ್ಲ್ಯಾಟಿನವರು, ಒಬ್ಬರೂ ಬೇಕಾದವರಲ್ಲ, ಬೇಡದವರೂ ಅಲ್ಲ. ಇಡೀ ತಣಿಸಂದ್ರವೇ ಮೂರನೆಯ ಜಾಗದಲ್ಲಿ ನಿಂತಿತ್ತು, ಒಬ್ಬರಿಗೂ ಹೆಸರಿರಲಿಲ್ಲ. ಇವರಲ್ಲಿ ಯಾರನ್ನು ಕರೆಯಲಿ? ಕಡೆಗೆ ಉಳಿದದ್ದು ಆ ಚಾಪೆಯವನ ಮುಖ.

ಇವತ್ತು ಬೆಳಗ್ಗೆ ಅವನು ಮತ್ತೆ ಗೇಟಿನ ಹತ್ತಿರ ನಿಂತಿದ್ದ.

"ಏನ್ಸಾ, ಇನ್ನೊಂದು ಚಾಪೆ ಬೇಕಾ? ಅದೇ ಥರದ್ದು ಇಲ್ಲ, ಪ್ಲಾಸ್ಟಿಕ್ ಐತೆ."

"ಚಾಪೆ ಬೇಡ. ನಿಮ್ಮ ಹೆಸರೇನು? ನಕ್ಷತ್ರ ಯಾವುದು?"

ಕೇಳಿದ ಮೇಲೆ ಕಿವಿ ಬಿಸಿಯಾಯಿತು. ಲಿಫ್ಟಿನ ಜನ ಯಾರಾದರೂ ನೋಡಿದರೋ ಎಂದು ಹಿಂದೆ ತಿರುಗಿದೆ. ಅವನಿಗೆ ಅದು ವಿಚಿತ್ರವೆನಿಸಲೇ ಇಲ್ಲ. ಸುರುಳಿಗಳಿಗೆ ಹಗ್ಗ ಬಿಗಿಯುತ್ತಲೇ ಹೇಳಿದ.

"ನಾಗರಾಜ. ಸ್ವಾತಿ ಅಂತ ನಮ್ಮವ್ವ ಅಂತಿದ್ಲು." ಆಮೇಲೆ, ಹಗ್ಗದ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ತಲೆಯೆತ್ತಿ, "ನಿಮ್ದು?"

ಹಾಲಿನ ಪ್ಯಾಕೆಟ್ ಹಿಡಿದುಕೊಂಡು ನಿಂತುಬಿಟ್ಟೆ. ಹಾಗಾದರೆ ಕೇಳುತ್ತಾರೆ. ಏನೂ ಯೋಚಿಸದೆ, ಕೈಯ ಕೆಲಸ ಬಿಡದೆ, ಹೀಗೆ ಕೇಳಿಬಿಡುತ್ತಾರೆ. ಯಲಹಂಕದ ಆ ಕೋಣೆಯಲ್ಲಿ, ಆ ವಿಮಾನದ ಸದ್ದಿನಲ್ಲಿ, ಆತನೂ ಕೇಳಿದ್ದಿರಬಹುದು.

"ಹೇಳೋಕೆ ಆಗಲ್ವಾ ಸಾ?" ಎಂದು ಅವನು ನಕ್ಕ.

"ಆಗುತ್ತೆ" ಎಂದೆ. "ಉತ್ತರಾ." ಹೆಸರನ್ನೂ ಹೇಳಿದೆ.